ಎರಡನೇ ಮಗು ಯಾವಾಗ? ಅಂತರ ಗೊತ್ತುಮಾಡಿಕೊಂಡ ಬಗೆ

ಮೊದಲ ಮಗು ಬೋರಲು ಬೀಳುವ ಹೊತ್ತಿಗೆ ಎರಡನೆಯದರ ಪ್ರಶ್ನೆ ಶುರುವಾಗುತ್ತದೆ. "ಒಂದರ ಹಿಂದೆ ಒಂದು ಆಗಿಬಿಡ್ಲಮ್ಮ, ಎರಡೂ ಒಟ್ಟಿಗೇ ಬೆಳ್ಕೊಳ್ತವೆ" ಅಂತ ಅತ್ತೆಮನೆಯವರು. "ಇವನು ಸ್ಕೂಲಿಗೆ ಹೋಗೋ ಹಾಗಾಗ್ಲಿ ತಡಿಯೇ, ಏನವಸರ" ಅಂತ ತವರಿನವರು. ಮೊದಲನೆಯದು ಹೆಣ್ಣಾಗಿದ್ದರೆ ಈ ಅವಸರದ ದನಿ ಇನ್ನೂ ಜೋರು, ಗಂಡಾಗಿದ್ದರೆ ಯಾರೂ ಅಷ್ಟು ಕೇಳುವುದಿಲ್ಲ. ಆ ಲೆಕ್ಕಾಚಾರಕ್ಕೆ ಕಿವಿ ಕೊಡದಿದ್ದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ನಮ್ಮದು ಸಿಸೇರಿಯನ್ ಹೆರಿಗೆ. ಮಗುವಿಗೆ ಎರಡು ವರ್ಷ ತುಂಬಿದ ಮೇಲೆ ಪ್ರಯತ್ನ ಶುರು, ಇಬ್ಬರ ನಡುವೆ ಹೆಚ್ಚುಕಮ್ಮಿ ಮೂರು ವರ್ಷ ಅನ್ನುವ ತೀರ್ಮಾನಕ್ಕೆ ಈಗಷ್ಟೇ ಬಂದಿದ್ದೇವೆ. ಈ ತೀರ್ಮಾನಕ್ಕೆ ಮೊದಲು ಕೇಳಿ, ಓದಿ, ಅಲೆದು ತಿಳಿದುಕೊಂಡಿದ್ದನ್ನು ಆದ ಕ್ರಮದಲ್ಲೇ ಬರೆಯುತ್ತಿದ್ದೇನೆ. ನಿಮಗೆ ಒಪ್ಪುವ ಅಂತರ ಬೇರೆ ಇರಬಹುದು, ಆದರೆ ಲೆಕ್ಕ ಹಾಕುವ ದಾರಿ ಬಹುಪಾಲು ಇದೇ.

ವಾರ್ಡಿನಿಂದಲೇ ಶುರುಮಾಡಬೇಕು. ಹೆರಿಗೆಯಾದ 48 ಗಂಟೆಯೊಳಗೆ ಬಸಿರು ತಡೆಯುವ ಕಾಪರ್ ಟಿ ಹಾಕಿಸಿಕೊಳ್ಳಬಹುದು. ಸಿಸೇರಿಯನ್ ಆದರೆ ಆಪರೇಷನ್ ಟೇಬಲ್ ಮೇಲೇ ಹಾಕಿಬಿಡುತ್ತಾರೆ. ಆಗ ತಪ್ಪಿದರೆ ಆರು ವಾರ ಕಳೆದ ಮೇಲೆ. ಈ ಪ್ರಶ್ನೆಯನ್ನು ನರ್ಸ್ ಕೇಳುವುದು ನೋವು ಬಂದು ಹಲ್ಲು ಕಚ್ಚಿ ಮಲಗಿರುವಾಗ. ಆ ಹೊತ್ತಿನಲ್ಲಿ ಯಾರಿಗೂ ಉತ್ತರ ಹೊಳೆಯುವುದಿಲ್ಲ, ಹಾಗಾಗಿ ಎಂಟನೇ ತಿಂಗಳ ಚೆಕಪ್‌ನಲ್ಲೇ ಮಾತಾಡಿ ಕಡತದಲ್ಲಿ ಬರೆಸಿಡುವುದು ವಾಸಿ.

ಹೆಚ್ಚಿನವರು ಎಡವುವ ಜಾಗ ಇನ್ನೊಂದಿದೆ. "ಹಾಲು ಕುಡಿಸ್ತಿದೀನಿ, ಮುಟ್ಟಾಗಿಲ್ಲ, ಇನ್ನೇನಾಗುತ್ತೆ" ಅನ್ನುವ ಧೈರ್ಯ. ಈ ಧೈರ್ಯ ನಿಲ್ಲುವುದು ಮೂರೂ ಷರತ್ತು ಒಟ್ಟಿಗೆ ಇದ್ದಾಗ ಮಾತ್ರ: ಮಗುವಿಗೆ ಆರು ತಿಂಗಳು ತುಂಬಿರಬಾರದು, ರಾತ್ರಿಯೂ ಸೇರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ರಾತ್ರಿಗೊಂದು ಬಾಟಲಿ ಪುಡಿಹಾಲು ಶುರುವಾಯಿತೆಂದರೆ ಲೆಕ್ಕ ಕೆಟ್ಟಿತು. ಅಂಡ ಬಿಡುಗಡೆಯಾಗುವುದು ಮುಟ್ಟಿಗೆ ಎರಡು ವಾರ ಮುಂಚೆ. ಅಂದಮೇಲೆ ಮೊದಲ ಮುಟ್ಟು ಕಾಣುವ ಮುಂಚೆಯೇ ಬಸಿರಾಗಲು ಸಾಧ್ಯ. ಮೊದಲನೆಯದಕ್ಕೆ ಎಂಟು ತಿಂಗಳಾಗಿರುವಾಗ ಎರಡನೆಯದು ನಿಂತ ಮನೆಗಳಲ್ಲಿ ಕೇಳಿ ನೋಡಿ, ಮುಟ್ಟಾಗಿರಲಿಲ್ಲ ಎಂದೇ ಹೇಳುತ್ತಾರೆ.

ಯಾವ ವಿಧಾನ ಅನ್ನುವುದೂ ಅಂತರದ ಲೆಕ್ಕಕ್ಕೆ ಸೇರಿದ್ದೇ. ಕಾಪರ್ ಟಿ ತೆಗೆಸಿದ ಮುಂದಿನ ತಿಂಗಳೇ ಪ್ರಯತ್ನಿಸಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುವ ಅಂತರಾ ಇಂಜೆಕ್ಷನ್ ಮೂರು ತಿಂಗಳಿಗೊಂದು. ಅದು ಹಾಲಿಗೆ ತೊಂದರೆ ಮಾಡುವುದಿಲ್ಲ, ಆದರೆ ಕೊನೆಯ ಇಂಜೆಕ್ಷನ್ ಆದ ಮೇಲೆ ಬಸಿರು ನಿಲ್ಲಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಬೇಕು. ಎರಡು ವರ್ಷಕ್ಕೆ ಪ್ರಯತ್ನ ಎಂದುಕೊಂಡು ಎರಡು ವರ್ಷದವರೆಗೂ ಅಂತರಾ ಹಾಕಿಸಿಕೊಂಡರೆ ನಿಜವಾದ ಅಂತರ ಮೂರೂವರೆ ವರ್ಷ ದಾಟಬಹುದು. ಛಾಯಾ ಮಾತ್ರೆಯಲ್ಲಿ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು, ನಿಲ್ಲಿಸಿದರೆ ಬೇಗ ಸರಿಹೋಗುತ್ತದೆ. ವಾರದ ಎರಡು ದಿನ ಗೊತ್ತುಮಾಡಿಕೊಂಡು ಕ್ಯಾಲೆಂಡರ್ ಮೇಲೆ ಸುತ್ತು ಹಾಕದಿದ್ದರೆ ಮರೆತುಹೋಗುತ್ತದೆ, ಅದೊಂದೇ ತಾಪತ್ರಯ. ದಿನಕ್ಕೊಂದು ನುಂಗುವ ಮಾಮೂಲಿ ಗರ್ಭನಿರೋಧಕ ಮಾತ್ರೆ ಹಾಲುಣಿಸುವವರಿಗೆ ಮೊದಲ ಆರು ತಿಂಗಳು ಬೇಡ ಅನ್ನುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದುಕೊಳ್ಳಬೇಡಿ.

ಇನ್ನು ಎಷ್ಟು ಅಂತರ ಅನ್ನುವ ಮೂಲ ಪ್ರಶ್ನೆ. ಮನೆಯವರು ಅಂತರ ಅನ್ನುವಾಗ ಮಕ್ಕಳಿಬ್ಬರ ಹುಟ್ಟಿದ ದಿನಗಳ ನಡುವಿನದ್ದನ್ನು ಹೇಳುತ್ತಾರೆ. ಡಾಕ್ಟರು ಹೇಳುವುದು ಮೊದಲ ಹೆರಿಗೆಯಿಂದ ಮುಂದಿನ ಬಸಿರು ನಿಲ್ಲುವವರೆಗಿನದ್ದು. ಎರಡಕ್ಕೂ ಒಂಬತ್ತು ತಿಂಗಳ ವ್ಯತ್ಯಾಸ. "ಡಾಕ್ಟ್ರು ಎರಡು ವರ್ಷ ಅಂದ್ರು" ಎಂದು ಗಂಡ ಬಂದು ಹೇಳಿದಾಗ ಮನೆಯವರೆಲ್ಲ ಎರಡು ವರ್ಷಕ್ಕೆ ತೊಟ್ಟಿಲು ತೂಗಬಹುದು ಎಂದುಕೊಂಡಿರುತ್ತಾರೆ. ನಮ್ಮ ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಮೂರು ಸಾಲು ಬರೆದುಕೊಟ್ಟರು: ಹೆರಿಗೆಯ ತಾರೀಕು, ಅದರ ಕೆಳಗೆ 'ಇದಕ್ಕೆ ಮುಂಚೆ ಬೇಡ' ಅಂತ ಒಂದು ತಾರೀಕು, ಅದಕ್ಕೆ ಒಂಬತ್ತು ತಿಂಗಳು ಕೂಡಿಸಿ ಇನ್ನೊಂದು. ಆ ಚೀಟಿಯನ್ನು ಫ್ರಿಜ್ ಮೇಲೆ ಅಂಟಿಸಿದ ಮೇಲೆ ವಾದಗಳು ಎಷ್ಟೋ ಕಡಿಮೆಯಾದವು.

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಜಿನೀವಾದಲ್ಲಿ ತಜ್ಞರನ್ನು ಸೇರಿಸಿ ಕೊಟ್ಟ ಸಲಹೆ: ಹೆರಿಗೆಯಾಗಿ ಕನಿಷ್ಠ 24 ತಿಂಗಳು ಕಳೆದ ಮೇಲೆ ಮುಂದಿನ ಬಸಿರಿಗೆ ಪ್ರಯತ್ನಿಸಿ. ಮಕ್ಕಳ ನಡುವೆ 33 ತಿಂಗಳು ಅಂತಾಯಿತು. ಅಮೆರಿಕದ ಪ್ರಸೂತಿ ತಜ್ಞರ ಸಂಘದ ಮಾತು ಸ್ವಲ್ಪ ಸಡಿಲ. ಆರು ತಿಂಗಳೊಳಗೆ ಖಂಡಿತ ಬೇಡ, 18 ತಿಂಗಳಿಗೆ ಮುಂಚೆಯಾದರೆ ಅಪಾಯ ಏನೆಂದು ತಿಳಿದುಕೊಂಡು ಮುಂದುವರಿಯಿರಿ ಅನ್ನುತ್ತದೆ. ಅದನ್ನು ಹಿಡಿದರೆ ಮಕ್ಕಳ ನಡುವೆ 27 ತಿಂಗಳು. ತೀರಾ ಹತ್ತಿರವಾದರೆ ಅವಧಿಗೆ ಮುಂಚೆ ಹೆರಿಗೆ, ಕಡಿಮೆ ತೂಕದ ಮಗು, ತಾಯಿಗೆ ರಕ್ತಹೀನತೆ. ಬಸಿರು, ಹೆರಿಗೆಯ ರಕ್ತಸ್ರಾವ, ಹಾಲು ಕುಡಿಸುವುದು ಎಲ್ಲ ಸೇರಿ ಬರಿದು ಮಾಡಿದ ಕಬ್ಬಿಣ ಮತ್ತು ಫೋಲಿಕ್ ಆಮ್ಲ ತುಂಬಿಕೊಳ್ಳಲು ಕಾಲ ಬೇಕು. ಹಾಗಂತ ಬಹಳ ತಡವೂ ಒಳ್ಳೆಯದಲ್ಲ. ಐದು ವರ್ಷ ದಾಟಿದ ಮೇಲೆ ಬಸುರಿಯಲ್ಲಿ ಬಿಪಿ ಏರುವ ಪ್ರೀ-ಎಕ್ಲಾಂಪ್ಸಿಯಾ ಸಾಧ್ಯತೆ ಮತ್ತೆ ಹೆಚ್ಚುತ್ತದೆ, ಮೈ ಮೊದಲ ಬಸಿರಿನ ಸ್ಥಿತಿಗೇ ಮರಳಿದ ಹಾಗೆ.

ಸಿಸೇರಿಯನ್ ಆದವರಿಗೆ ಹೊಲಿಗೆಯ ಲೆಕ್ಕ ಬೇರೆ. ಎರಡನೆಯದು ಸಹಜ ಹೆರಿಗೆ ಆಗಲಿ ಎಂಬ ಆಸೆಯಿದ್ದರೆ ಎರಡು ಹೆರಿಗೆಗಳ ನಡುವೆ 18–19 ತಿಂಗಳಾದರೂ ಇರಬೇಕು. ಅದಕ್ಕಿಂತ ಕಡಿಮೆಯಿದ್ದಾಗ ಹೆರಿಗೆ ನೋವಿನಲ್ಲಿ ಹಳೆಯ ಹೊಲಿಗೆ ಬಿಚ್ಚುವ ಅಪಾಯ ಹೆಚ್ಚು. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದರೆ ಆ ಅಪಾಯ ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ, ಪ್ರಯತ್ನಿಸಿದ ನೂರರಲ್ಲಿ 60ರಿಂದ 80 ಮಂದಿಗೆ ಸಹಜ ಹೆರಿಗೆ ಆಗುತ್ತದೆ. ಕೊಯ್ದದ್ದು ಉದ್ದಕ್ಕೆ, ಮೇಲ್ಭಾಗದಲ್ಲಾದರೆ ಆ ಯೋಚನೆಯನ್ನೇ ಬಿಡಬೇಕು. ಹೊಟ್ಟೆಯ ಚರ್ಮದ ಮೇಲಿನ ಗೆರೆ ನೋಡಿ ಒಳಗೆ ಹೇಗೆ ಕೊಯ್ದಿದ್ದಾರೆಂದು ಹೇಳಲು ಆಗುವುದಿಲ್ಲ. ಅದು ಗೊತ್ತಾಗುವುದು ಆಪರೇಷನ್ ನೋಟ್ಸ್‌ನಿಂದ ಮಾತ್ರ.

ನಾವು ಸಿಕ್ಕಿಕೊಂಡಿದ್ದು ಇಲ್ಲೇ. ಕೈಗೆ ಕೊಟ್ಟಿದ್ದ ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಎಲ್‌ಎಸ್‌ಸಿಎಸ್ (ಸಿಸೇರಿಯನ್) ಮಾಡಲಾಗಿದೆ' ಅನ್ನುವ ಒಂದು ಸಾಲು, ಮಗುವಿನ ತೂಕ, ಮಾತ್ರೆಗಳ ಪಟ್ಟಿ, ಅಷ್ಟೇ. ಆಪರೇಷನ್ ಯಾಕಾಯಿತು, ಹೇಗೆ ಕೊಯ್ದರು, ಎಷ್ಟು ಪದರ ಹೊಲಿಗೆ, ರಕ್ತ ಎಷ್ಟು ಹೋಯಿತು, ಜ್ವರ ಅಥವಾ ಸೋಂಕು ಇತ್ತೇ, ಯಾವುದೂ ಇಲ್ಲ. ಹೆರಿಗೆಯಾದ ಆಸ್ಪತ್ರೆಗೆ ಹೋಗಿ ಕೇಳಿದರೆ "ರೆಕಾರ್ಡ್ ರೂಮಿನಲ್ಲಿ ಹುಡುಕಬೇಕು, ನಾಳೆ ಬನ್ನಿ" ಎಂದರು, ಆ ನಾಳೆ ಮುಂದಕ್ಕೆ ಹೋಗುತ್ತಲೇ ಇತ್ತು. ಬಾಯಿಮಾತಿನಲ್ಲಿ ಕೇಳುವುದು ಬಿಟ್ಟು ಒಂದು ಅರ್ಜಿ ಬರೆದು, ಐಪಿ (ಒಳರೋಗಿ) ನಂಬರ್, ಅಡ್ಮಿಟ್ ಆದ ತಾರೀಕು ಹಾಕಿ, ಆಧಾರ್ ಜೆರಾಕ್ಸ್ ಸೇರಿಸಿ, ನಕಲಿನ ಮೇಲೆ ಸೀಲು ಹಾಕಿಸಿಕೊಂಡ ಮೇಲೆ ಸಿಕ್ಕಿತು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಇನ್ನೊಂದು ಮಾತನ್ನು ಗಟ್ಟಿಯಾಗಿ ನೆನಪಿಡಿ: ಒಳರೋಗಿಗಳ ದಾಖಲೆ ಇಟ್ಟುಕೊಳ್ಳಬೇಕಾದ ಅವಧಿ ಚಿಕಿತ್ಸೆ ಶುರುವಾದಂದಿನಿಂದ ಮೂರು ವರ್ಷ. ನಾಲ್ಕೈದು ವರ್ಷದ ಅಂತರ ಯೋಚಿಸುತ್ತಿರುವವರು ಈಗಲೇ ಹೋಗಿ ತಂದಿಟ್ಟುಕೊಳ್ಳಿ. ಜೊತೆಗೆ ತಾಯಿ ಕಾರ್ಡ್, ಗಂಡಹೆಂಡಿರಿಬ್ಬರ ಬ್ಲಡ್ ಗ್ರೂಪ್, ಬಸಿರಿನಲ್ಲಿ ಮಾಡಿಸಿದ ಸಕ್ಕರೆ ಪರೀಕ್ಷೆಯ ವರದಿ, ಎಲ್ಲ ಒಂದೇ ಫೈಲಿನಲ್ಲಿರಲಿ.

ಹೊಲಿಗೆ ಗಟ್ಟಿಯಾಗಿದೆಯೇ ಎಂದು ಸ್ಕ್ಯಾನ್ ಮಾಡಿಸಿ ನೋಡೋಣ ಎಂದುಕೊಂಡು ಹೋಗುವವರಿದ್ದಾರೆ. ಬಸಿರಿಗೆ ಮುಂಚೆ ಮಾಡಿಸಿದ ಸ್ಕ್ಯಾನ್ ನೋಡಿ ಮುಂದೆ ಹೊಲಿಗೆ ತಡೆಯುತ್ತದೆಂದು ಯಾರೂ ಗ್ಯಾರಂಟಿ ಕೊಡುವುದಿಲ್ಲ. ಮುಟ್ಟು ಮುಗಿದ ಮೇಲೂ ದಿನಗಟ್ಟಲೆ ಕಂದು ಬಣ್ಣದ ಸ್ರಾವ ಇದ್ದರೆ ಮಾತ್ರ ಹೊಲಿಗೆಯ ಜಾಗದಲ್ಲಿ ಹಳ್ಳ ಬಿದ್ದಿದೆಯೇ ಎಂದು ನೋಡಿಸಬೇಕು.

ಮಗುವಿನ ಮೊದಲ ಹುಟ್ಟುಹಬ್ಬ ಕಳೆದ ಮೇಲೆ ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ 12 ಇರಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 49ರ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಹೆರಿಗೆಯಾದ ಮೇಲೆ 180 ದಿನ ನುಂಗಬೇಕಾದ ಕಬ್ಬಿಣದ ಮಾತ್ರೆಯನ್ನು ಮಲಬದ್ಧತೆ ಎಂದು ಬಿಟ್ಟವರೇ ಹೆಚ್ಚು. ಬಿಟ್ಟಿದ್ದರೆ ಈಗ ಶುರುಮಾಡಿ. ಕಾಫಿ, ಟೀ, ಹಾಲಿನ ಜೊತೆ ಬೇಡ, ನಿಂಬೆ ಪಾನಕದ ಜೊತೆ ಆಗಬಹುದು. ಹಿಮೋಗ್ಲೋಬಿನ್ 12 ಮುಟ್ಟಿತು ಎಂದು ನಿಲ್ಲಿಸದೆ ಇನ್ನೂ ಎರಡು ಮೂರು ತಿಂಗಳು ತೆಗೆದುಕೊಂಡರೆ ಒಳಗಿನ ದಾಸ್ತಾನೂ ತುಂಬುತ್ತದೆ. ಹತ್ತರ ಕೆಳಗಿದ್ದವರಿಗೆ ಅಂತರವನ್ನು ಮುಂದೂಡಲು ಇದೊಂದೇ ಕಾರಣ ಸಾಕು.

ಬಸಿರಿನಲ್ಲಿ ಸಕ್ಕರೆ ಏರಿತ್ತೇ? ಹೆರಿಗೆಯಾಗಿ ಆರು ವಾರಕ್ಕೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಆಗಬೇಕಿತ್ತು. ಬಾಣಂತನದ ಗದ್ದಲದಲ್ಲಿ ಇದು ತಪ್ಪುವುದು ಸಾಮಾನ್ಯ. ತಪ್ಪಿದ್ದರೆ ಮುಂದಿನ ಬಸಿರಿಗೆ ಮುಂಚೆ ಮಾಡಿಸಲೇಬೇಕು. ಥೈರಾಯ್ಡ್ ಮಾತ್ರೆ ನುಂಗುತ್ತಿರುವವರು ರಕ್ತ ಪರೀಕ್ಷೆಯಲ್ಲಿ ಬರುವ ಟಿಎಸ್‌ಎಚ್ ಅಂಕಿಯನ್ನು 2.5ರ ಕೆಳಗೆ ತಂದುಕೊಳ್ಳಲಿ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಗುಂಪಿನದಾದರೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಟ್ಟಿದ್ದರೇ ಎಂದು ಸಮ್ಮರಿಯಲ್ಲಿ ಹುಡುಕಿ. ರುಬೆಲ್ಲಾ ಲಸಿಕೆ ಹಾಕಿಸಿಕೊಂಡರೆ ಒಂದು ತಿಂಗಳು ಬಸಿರಾಗಬಾರದು, ಅದಕ್ಕೂ ಜಾಗ ಬಿಟ್ಟುಕೊಳ್ಳಿ.

ಹೆಂಡತಿಯ ವಯಸ್ಸು 34 ದಾಟಿದ್ದರೆ ಮೇಲಿನ ಲೆಕ್ಕಕ್ಕೆ ಎದುರಾಗಿ ಇನ್ನೊಂದು ಲೆಕ್ಕ ಎದ್ದು ನಿಲ್ಲುತ್ತದೆ. ಕಾದಷ್ಟೂ ಬಸಿರು ನಿಲ್ಲುವುದು ತಡವಾಗುತ್ತದೆ, ಗರ್ಭಪಾತದ ಸಾಧ್ಯತೆ ಏರುತ್ತದೆ. ಹಾಗೆಂದು ಆರೇ ತಿಂಗಳಿಗೆ ಹೊರಡುವಂತೆಯೂ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸುಮಾರು ಒಂದೂವರೆ ಲಕ್ಷ ಬಸಿರುಗಳನ್ನು ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 35 ದಾಟಿದ ತಾಯಂದಿರು ಆರು ತಿಂಗಳಿಗೇ ಮತ್ತೆ ಬಸಿರಾದಾಗ ಜೀವಕ್ಕೆ ಅಪಾಯವಾಗುವಂಥ ತೊಡಕು ಅಥವಾ ಸಾವು ನೂರಕ್ಕೆ 0.62, 18 ತಿಂಗಳು ಕಾದವರಲ್ಲಿ 0.26. ಆ ವಯಸ್ಸಿನವರಿಗೆ ಒಂದರಿಂದ ಒಂದೂವರೆ ವರ್ಷ ಕಾಯುವುದು ನಡುದಾರಿ ಎಂಬುದು ನಾವು ಕೇಳಿದ ಡಾಕ್ಟರುಗಳ ಅಭಿಪ್ರಾಯವೂ ಹೌದು. ಇಪ್ಪತ್ತಾರು ಇಪ್ಪತ್ತೇಳರವರಿಗೆ ಈ ತಲೆನೋವಿಲ್ಲ, 24 ತಿಂಗಳು ನಿರಾಳವಾಗಿ ಕಾಯಬಹುದು. ನಡುವೆ ಗರ್ಭಪಾತ ಆಗಿದ್ದರೆ ಎಷ್ಟು ಕಾಯಬೇಕೆಂಬುದಕ್ಕೆ ಒಬ್ಬೊಬ್ಬ ಡಾಕ್ಟರ ಉತ್ತರ ಒಂದೊಂದು. ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ಅಂದಿತ್ತು, ಅಷ್ಟು ಕಾಯಬೇಕಿಲ್ಲ ಅನ್ನುವವರು ಈಗ ಹೆಚ್ಚು.

ದುಡ್ಡಿನ ಲೆಕ್ಕಕ್ಕೆ ಬರೋಣ. ಸ್ವಂತಕ್ಕೆ ಮಾಡಿಸುವ ಆರೋಗ್ಯ ವಿಮೆಯಲ್ಲಿ ಹೆರಿಗೆ ಖರ್ಚು ಸೇರಿದ್ದರೂ ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ ಕಾಯುವ ಅವಧಿ ಇರುತ್ತದೆ. ಲೆಕ್ಕ ಮಾಡಿ: ಮಕ್ಕಳ ನಡುವೆ 33 ತಿಂಗಳು, ಪಾಲಿಸಿಯ ಕಾಯುವ ಅವಧಿ 24 ತಿಂಗಳು. ಅಂದರೆ ಮೊದಲ ಮಗುವಿಗೆ ಒಂಬತ್ತು ತಿಂಗಳಾಗುವಷ್ಟರಲ್ಲಿ ಪಾಲಿಸಿ ಶುರುವಾಗಿರಬೇಕು. ಬಸಿರಾದ ಮೇಲೆ ಏಜೆಂಟರಿಗೆ ಫೋನು ಮಾಡಿ ಪ್ರಯೋಜನವಿಲ್ಲ. ಕಂಪನಿಯ ಗುಂಪು ವಿಮೆಯಲ್ಲಿ ಹೆಚ್ಚಾಗಿ ಮೊದಲ ದಿನದಿಂದಲೇ ಹೆರಿಗೆ ಖರ್ಚು ಸಿಗುತ್ತದೆ, ಆದರೆ ಮಿತಿ ಕಡಿಮೆ, ನಗರದ ಖಾಸಗಿ ಆಸ್ಪತ್ರೆಯ ಸಿಸೇರಿಯನ್ ಬಿಲ್ಲಿಗೆ ಪೂರ್ತಿ ಸಾಲದು.

ಹೆರಿಗೆ ರಜೆ 2017ರ ತಿದ್ದುಪಡಿಯಿಂದ 26 ವಾರ, ಎರಡು ಮಕ್ಕಳವರೆಗೆ. ಷರತ್ತು ಏನೆಂದರೆ, ಹೆರಿಗೆಯ ನಿರೀಕ್ಷಿತ ತಾರೀಕಿನ ಹಿಂದಿನ 12 ತಿಂಗಳಲ್ಲಿ ಅದೇ ಸಂಸ್ಥೆಯಲ್ಲಿ 80 ದಿನ ಕೆಲಸ ಮಾಡಿರಬೇಕು. ಅಂತರ ಕಡಿಮೆಯಿದ್ದು, ಮೊದಲ ರಜೆಯ ಬೆನ್ನಿಗೇ ಸಂಬಳವಿಲ್ಲದ ರಜೆ ಹಾಕಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಬಸಿರಿನ ನಡುವೆ ಕೆಲಸ ಬದಲಾಯಿಸಿದವರೂ ಅಷ್ಟೇ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. ಎರಡನೆಯದು ಹೆಣ್ಣಾದರೆ ಮಾತ್ರ 6,000. ಅರ್ಹರಾದವರು ಅಂಗನವಾಡಿಯಲ್ಲಿ ವಿಚಾರಿಸಿ. ತಾಯಿಯ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕು, ಗಂಡನ ಖಾತೆ ನಡೆಯದು.

ಸ್ಕೂಲಿನ ಲೆಕ್ಕ ಇಷ್ಟು ಬೇಗ ಯಾಕೆ ಅನ್ನಿಸಬಹುದು. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವಿದೆ. 2025–26ರಲ್ಲಿ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು, ಆಯಾ ವರ್ಷದ ಆದೇಶ ನೋಡಿಕೊಳ್ಳಬೇಕು. ಮೊದಲ ಮಗು 2023ರ ಮೇ 20ಕ್ಕೆ ಹುಟ್ಟಿದೆ ಎಂದುಕೊಳ್ಳಿ, ಒಂದನೇ ತರಗತಿ 2029ರಲ್ಲಿ. ಎರಡನೆಯದು 2026ರ ಮೇ 25ಕ್ಕೆ ಹುಟ್ಟಿದರೆ 2032ರಲ್ಲಿ, ಜೂನ್ 10ಕ್ಕೆ ಹುಟ್ಟಿದರೆ 2033ರಲ್ಲಿ. ಹದಿನಾರು ದಿನಕ್ಕೆ ಒಂದು ಇಡೀ ತರಗತಿಯ ವ್ಯತ್ಯಾಸ. ಎರಡು ತರಗತಿ ಅಂತರವಿದ್ದರೆ ದೊಡ್ಡವರ ದ್ವಿತೀಯ ಪಿಯು, ಚಿಕ್ಕವರ ಎಸ್ಸೆಸ್ಸೆಲ್ಸಿ ಒಂದೇ ವರ್ಷ ಬೀಳುತ್ತವೆ. ಮನೆಯಲ್ಲಿ ಆ ವರ್ಷ ಟಿವಿ ಇರುವುದಿಲ್ಲ ಎಂದಿಟ್ಟುಕೊಳ್ಳಿ. ಇಬ್ಬರೂ ಎಂಜಿನಿಯರಿಂಗ್‌ಗೆ ಹೋದರೆ ಎರಡು ವರ್ಷ ಇಬ್ಬರ ಫೀಸೂ ಒಟ್ಟಿಗೆ, ಮೂರು ತರಗತಿ ಅಂತರಕ್ಕೆ ಒಂದು ವರ್ಷ, ನಾಲ್ಕಾದರೆ ಇಲ್ಲ. ಆದರೆ ಇದನ್ನೇ ಹಿಡಿದು ತಿಂಗಳು ಎಣಿಸಿ ಬಸಿರಾಗಲು ಹೊರಡುವುದು ಬೇಡ. ಎಲ್ಲ ಸರಿಯಿದ್ದವರಿಗೂ ವರ್ಷದೊಳಗೆ ನಿಲ್ಲುವುದು ನೂರಕ್ಕೆ 80–85 ಮಂದಿಗೆ. ಇಂಥದೇ ತಿಂಗಳು ಎಂದು ಯಾರ ಕೈಯಲ್ಲೂ ಇಲ್ಲ.

ನಮ್ಮಲ್ಲಿ ಕೊನೆಗೆ ತೂಕ ಬಿದ್ದಿದ್ದು ಬಾಣಂತನದ ಪ್ರಶ್ನೆಗೆ. ದೊಡ್ಡ ಮಗು ಎಲ್‌ಕೆಜಿ ಸೇರುವುದು ನಾಲ್ಕು ವರ್ಷಕ್ಕೆ. ಅದಕ್ಕೆ ಮುಂಚೆಯಾದರೆ ಅದನ್ನೂ ಕರೆದುಕೊಂಡು ಮೂರು ತಿಂಗಳು ತವರಿಗೆ ಹೋಗಿ ಕೂರಬಹುದು. ಸ್ಕೂಲು ಶುರುವಾದ ಮೇಲೆ ಅಜ್ಜಿಯೇ ನಮ್ಮ ಮನೆಗೆ ಬರಬೇಕು, ಅಲ್ಲಿ ಅಜ್ಜನ ಊಟ, ಅಜ್ಜಿಯ ಮಂಡಿನೋವು, ದನಕರು, ಬಾಡಿಗೆದಾರರು, ಎಲ್ಲ ಮಾತಿಗೆ ಬರುತ್ತದೆ. ಮೊದಲ ಬಾಣಂತನ ತವರಲ್ಲಿ, ಎರಡನೆಯದು ಅತ್ತೆಮನೆಯಲ್ಲಿ ಎಂಬ ರೂಢಿಯಿರುವ ಮನೆಗಳಲ್ಲಿ ಇದನ್ನು ಮೊದಲೇ ಬಾಯಿಬಿಟ್ಟು ಕೇಳಿಬಿಡಿ: "ಅಮ್ಮಾ, ಇನ್ನೊಂದು ಬಾಣಂತನ ಮಾಡೋ ಶಕ್ತಿ ಇದ್ಯಾ?" ಇಲ್ಲ ಅಂದರೆ ಬಾಣಂತಿ ಆರೈಕೆಯವರನ್ನು ಇಟ್ಟುಕೊಳ್ಳುವ ಖರ್ಚನ್ನು ಆಸ್ಪತ್ರೆ ಬಿಲ್ಲಿನ ಪಕ್ಕದಲ್ಲೇ ಬರೆದುಕೊಳ್ಳಿ.

ದೊಡ್ಡ ಮಗುವಿನ ದೃಷ್ಟಿಯಿಂದ ಒಂದೂವರೆಯಿಂದ ಮೂರು ವರ್ಷದ ನಡುವೆ ತಮ್ಮನೋ ತಂಗಿಯೋ ಬಂದಾಗ ರಂಪ ಹೆಚ್ಚು. ಅಮ್ಮ ಹಂಚಿಹೋದಳು ಎಂದು ಗೊತ್ತಾಗುವ ವಯಸ್ಸು, ಯಾಕೆಂದು ತಿಳಿಯುವ ವಯಸ್ಸಲ್ಲ. ಎರಡು ವರ್ಷದ ಮಗು 11–12 ಕಿಲೋ ತೂಗುತ್ತದೆ. ಸಿಸೇರಿಯನ್ ಆದ ಆರು ವಾರ ಕೂಸಿಗಿಂತ ಭಾರದ್ದನ್ನು ಎತ್ತಬಾರದು. ಈ ಎರಡು ಮಾತು ಒಟ್ಟಿಗೆ ಓದಿದರೆ ಸಮಸ್ಯೆ ಕಣ್ಣಿಗೆ ಕಟ್ಟುತ್ತದೆ. ಮಂಚದ ಪಕ್ಕ ಒಂದು ಗಿಡ್ಡ ಸ್ಟೂಲು ಇಟ್ಟು, ತಾನೇ ಹತ್ತಿ ಅಮ್ಮನ ಮಗ್ಗುಲಿಗೆ ಬರುವುದನ್ನು ಏಳನೇ ತಿಂಗಳಿಂದಲೇ ರೂಢಿ ಮಾಡಿಸಿ. ತೊಟ್ಟಿಲು ಬಿಡಿಸುವುದು, ಅಪ್ಪನ ಕೈಯಲ್ಲಿ ಊಟ, ಸ್ನಾನ, ನಿದ್ದೆ, ಇವೆಲ್ಲ ಕೂಸು ಬರುವುದಕ್ಕೆ ಎರಡು ಮೂರು ತಿಂಗಳ ಮುಂಚೆ ಆಗಿರಲಿ. ಕೂಸು ಬಂದ ವಾರವೇ ಪ್ಲೇಸ್ಕೂಲಿಗೆ ಸೇರಿಸಿದರೆ ಮನೆಯಿಂದ ಹೊರಹಾಕಿದರು ಎಂದೇ ಅದಕ್ಕೆ ಅನ್ನಿಸುವುದು. ಚಡ್ಡಿಯಲ್ಲಿ ಉಚ್ಚೆ ಮಾಡುವುದು ನಿಂತಿದ್ದ ಮಗು ಮತ್ತೆ ಶುರುಮಾಡಿದರೆ ಗದರಬೇಡಿ, ಕೆಲವು ವಾರಕ್ಕೆ ಸರಿಹೋಗುತ್ತದೆ.

ದೊಡ್ಡದು ಇನ್ನೂ ಎದೆಹಾಲು ಕುಡಿಯುತ್ತಿರುವಾಗ ಬಸಿರಾದರೆ ತಕ್ಷಣ ಬಿಡಿಸಬೇಕೆಂದೇನಿಲ್ಲ. ಬಸಿರಿನಲ್ಲಿ ತೊಡಕಿಲ್ಲದಿದ್ದರೆ ಮುಂದುವರಿಸಬಹುದು. ನಾಲ್ಕೈದು ತಿಂಗಳಿಗೆ ಹಾಲಿನ ರುಚಿ ಬದಲಾಗಿ, ಪ್ರಮಾಣ ಇಳಿದು, ಎಷ್ಟೋ ಮಕ್ಕಳು ತಾವೇ ಬಿಡುತ್ತವೆ. ಮೊಲೆತೊಟ್ಟಿಗೆ ಬೇವು ಹಚ್ಚುವ ಹಿಂಸೆ ಬೇಡ.

ತೀರ್ಮಾನ ಆದವರು ಮೊದಲು ಮಾಡಬೇಕಾದ್ದು ಫೋಲಿಕ್ ಆಮ್ಲದ ಮಾತ್ರೆ ಶುರುಮಾಡುವುದು. ದಿನಕ್ಕೆ 400 ಮೈಕ್ರೋಗ್ರಾಂ, ಪ್ರಯತ್ನಕ್ಕೆ ಒಂದರಿಂದ ಮೂರು ತಿಂಗಳ ಮುಂಚಿನಿಂದ. ಸಕ್ಕರೆ ಕಾಯಿಲೆ ಅಥವಾ ಫಿಟ್ಸ್ ಮಾತ್ರೆ ಇರುವವರಿಗೆ ಪ್ರಮಾಣ ಹೆಚ್ಚು ಬೇಕು, ಡಾಕ್ಟರು ಬರೆದುಕೊಡಲಿ. ಆಮೇಲೆ ಕಾಪರ್ ಟಿ ತೆಗೆಸುವುದು. ಒಪಿಡಿಯಲ್ಲೇ ಕೆಲವು ನಿಮಿಷದ ಕೆಲಸ. 35ರ ಒಳಗಿನವರು ಒಂದು ವರ್ಷ, ದಾಟಿದವರು ಆರು ತಿಂಗಳು ಪ್ರಯತ್ನಿಸಿಯೂ ನಿಲ್ಲದಿದ್ದರೆ "ಮೊದಲನೆಯದು ಆಯ್ತಲ್ಲ" ಎಂದು ಕೂರದೆ ತೋರಿಸಬೇಕು. ಸಿಸೇರಿಯನ್ ಆದವರು ನಿಂತಿದ್ದು ಗೊತ್ತಾದ ಮೇಲೆ ಆರು ಏಳು ವಾರಕ್ಕೆ ಒಂದು ಸ್ಕ್ಯಾನ್ ಮಾಡಿಸಿ, ಬಸಿರು ಹಳೆಯ ಹೊಲಿಗೆಯ ಜಾಗದಲ್ಲಿ ಕೂತಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಸಹಜ ಹೆರಿಗೆ ಬಯಸುವವರು ಆಸ್ಪತ್ರೆ ಗೊತ್ತುಮಾಡುವ ಮುಂಚೆ ರಾತ್ರಿ ಎರಡು ಗಂಟೆಗೂ ಅರಿವಳಿಕೆ ಡಾಕ್ಟರು, ರಕ್ತ, ತೆರೆದ ಆಪರೇಷನ್ ಥಿಯೇಟರ್ ಇರುತ್ತದೆಯೇ ಎಂದು ಕೇಳಿ. ಹಿಂದಿನ ಹೆರಿಗೆಯಾದ ಮೂರು ವರ್ಷದೊಳಗೆ ಈ ಬಸಿರು ನಿಂತಿದ್ದು, ಆಗ ಟಿಡಿ (ಧನುರ್ವಾಯು, ಗಂಟಲುಮಾರಿ ತಡೆಯುವ ಲಸಿಕೆ) ಎರಡೂ ಡೋಸ್ ಆಗಿದ್ದರೆ ಈ ಸಲ ಒಂದು ಬೂಸ್ಟರ್ ಸಾಕು. ಹಳೆಯ ತಾಯಿ ಕಾರ್ಡ್ ತೋರಿಸದಿದ್ದರೆ ಎರಡೂ ಚುಚ್ಚಿಬಿಡುತ್ತಾರೆ.